ಸೊನ್ನೆಯ ಪಾಳಿ

ಲಿಯೆಪಾಯಾದ ಆಂಬುಲೆನ್ಸ್ ಕರೆಕೋಣೆ. ರಾತ್ರಿ ಎರಡೂವರೆ.
ಬಾಲ್ಟಿಕ್ ಗಾಳಿ ಕಿಟಕಿಯ ರಬ್ಬರನ್ನು ಕಿತ್ತು ನೋಡುತ್ತಿದೆ.
ಕಪಾಟಿನೊಳಗೆ ನನ್ನ ಜೋಡಿ ಯಂತ್ರ:
ಎತ್ತು ಏರಿಗೆ, ಕೋಣ ನೀರಿಗೆ ಅನ್ನುವಂಥ ಜೋಡಿಯಲ್ಲ ಇದು.
ಒಂದೇ ಉಸಿರು, ಒಂದೇ ಹೆಜ್ಜೆ, ಒಂದೇ ಲೆಕ್ಕ ಎರಡು ಸಲ.
ಒಂದು ಸತ್ತರೆ ಇನ್ನೊಂದು
ಅರ್ಧ ಅಕ್ಷರವೂ ಬಿಡದೆ ನಡೆಯುತ್ತದೆ,
ಅಳುವವರಿಗೆ ಗೊತ್ತೂ ಆಗುವುದಿಲ್ಲ.

ಆದರೂ ಕರೆಗಳು ತೊದಲುತ್ತಿವೆ, ಅಂದಳು ವೆಲ್ತಾ.
'ಬೀದಿ ಕೇಳಿಸುತ್ತದೆ, ಮನೆ ನಂಬರು ಕೇಳಿಸುವುದಿಲ್ಲ.'

ತೆರೆದು ನೋಡಿದೆ. ಹದಿನಾರು ಗೀಟು.
ಸೊನ್ನೆಯದು ಸೂರು ಮುಟ್ಟಿದೆ,
ಉಳಿದ ಹದಿನೈದು ನೆಲಕ್ಕಂಟಿ ಮಲಗಿವೆ.
ಊರಿನ ಎದೆನೋವು, ಜಾರಿಬಿದ್ದ ಮೊಣಕಾಲು, ಹೆರಿಗೆ,
ಎಲ್ಲವೂ ಒಂದೇ ಬಾಗಿಲಿಗೆ.
ಮೆತ್ತಗಿದ್ದವನಿಗೆ ಮತ್ತೊಂದು ಗುದ್ದು.
ಪಕ್ಕದ ಯಂತ್ರ ತಾನೇ ಏನು ಮಾಡೀತು?
ಅದರಲ್ಲೂ ಅದೇ ಸೊನ್ನೆ ಸುಸ್ತಾಗಿದೆ, ಚಾಚೂ ತಪ್ಪದೆ.
ಸಾವಿಗೆಂದು ಜೋಡಿ ಇಟ್ಟೆವು;
ದಣಿವಿಗೆ ನಕಲು ಸಿಕ್ಕಿತು.

ಹಂಚಬೇಕು. ಹಾಗಂತ ಎರಚುವಂತಿಲ್ಲ:
ಒಬ್ಬಳ ಕೂಗು ತುಂಡಾಗಿ ನಾಲ್ಕು ಕಡೆ ಹೋದರೆ
'ಇಲ್ಲ' ಮೊದಲು ಬಂದು 'ಉಸಿರು' ಆಮೇಲೆ ತಲುಪೀತು.
ಎಲ್ಲಿ ಶುರುವಾಯಿತೋ ಅಲ್ಲೇ ಮುಗಿಯಲಿ.
ಬೆಸ ಸಂಖ್ಯೆಯವು ಬರೀ ನೆರಳು, ಬಿಟ್ಟೆ.
ಸೊನ್ನೆಗೆ ಅದರ ಮನೆಗೆಲಸವೇ ಸಾಕು, ಅದನ್ನೂ ಬಿಟ್ಟೆ.
ಎರಡು, ನಾಲ್ಕು, ಆರು, ಎಂಟು.

ಒತ್ತಿದರೆ ಮೂರು ಸೆಕೆಂಡು ತಂತಿ ಮೂಕ.
ವೆಲ್ತಾ ಕೈ ಎತ್ತಿದಳು: ಈಗ ಬೇಡ.
ಕಿವಿಯಲ್ಲಿ ಯಾರೋ. ಅವರ ಜೊತೆ ಉಸಿರು ಎಣಿಸುತ್ತಿದ್ದಾಳೆ,
ಲಾಟ್ವಿಯನ್ನಿನಲ್ಲಿ, ಆಮೇಲೆ ರಷ್ಯನ್ನಿನಲ್ಲಿ, ಮತ್ತೆ ಮೊದಲಿಂದ.
ಬೆರಳನ್ನು ಗುಂಡಿಯ ಮೇಲೆಯೇ ಇಟ್ಟು ಕಾದೆ.
ಲಿಂಡನ್ ಹೂವಿನ ಚಹಾ ಆರಿತು.
ಗೋಡೆಗೆ ಒರಗಿದ ಉಳಿದ ಮೂರು ಕುರ್ಚಿಗಳಲ್ಲಿ
ಯಾರದೋ ಶಾಲು, ಒಂದು ಹೂಕುಂಡ,
ಮೂರನೆಯದರಲ್ಲಿ ಏನೂ ಇಲ್ಲ.

ಮೂರೂ ಹತ್ತಕ್ಕೆ ತಲೆಯಾಡಿಸಿದಳು.
ಒತ್ತಿದೆ. ಒಂದು. ಎರಡು.
ಮೂರು ಅನ್ನುವಷ್ಟರಲ್ಲಿ ನಾಲ್ಕು ಗೀಟು ಎದ್ದವು,
ಗಿಡ್ಡಗಿಡ್ಡ, ರೈ ಕೊಯ್ದ ಹೊಲದ ಕೂಳೆಯ ಹಾಗೆ.
ಸೊನ್ನೆ ಇಳಿಯಿತು, ನಿಧಾನಕ್ಕೆ, ನಂಬಿಕೆ ಇಲ್ಲದವರಂತೆ.

'ಎಷ್ಟು ಹೊತ್ತಿನ ಕೆಲಸ ಅಂತ ಬರೀತೀಯ, ಜಿಂತ್ರಾ?'
'ಐದು ನಿಮಿಷ.'
'ಕಾದದ್ದನ್ನೂ ಸೇರಿಸು,' ಅಂದಳು.
ಅಷ್ಟರಲ್ಲಿ ಮತ್ತೆ ಗಂಟೆ, ಮೊದಲ ಕುರ್ಚಿಗೇ.