ಹಪ್ಪಳದ ನಕ್ಷೆ

ಮಾಲೂರಿನ ಕೈಗಾರಿಕಾ ವಸಾಹತು. ಮುಚ್ಚಿದ ಹೆಂಚಿನ ಕಾರ್ಖಾನೆಯ
ಬೆನ್ನಿಗಂಟಿದ ತಗಡಿನ ಶೆಡ್ಡು.
ಅದರಲ್ಲೊಂದು ಉಕ್ಕಿನ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಗಾಜಿನ ಕೊಳವೆ,
ಕೊಳವೆಯಲ್ಲಿ ಕಪ್ಪು ನೂಲು ಹೆಣೆದ ಬಿಲ್ಲೆ,
ಅಂಗೈಯಗಲ.

ಪಿಳ್ಳಪ್ಪ ಹೆಸರಿಗೆ ಕಾವಲುಗಾರ.
ಮೂವತ್ತೆಂಟು ವರ್ಷ ಪಕ್ಕದ ಗೂಡಿಗೆ ಉರಿ ಹಾಕಿದವನು,
ಕಿಂಡಿಗೆ ಕಣ್ಣಿಟ್ಟು ಬಣ್ಣದಲ್ಲೇ ಹೇಳುತ್ತಿದ್ದನಂತೆ:
ಇದು ದಾಳಿಂಬೆ, ಇದು ಕನಕಾಂಬರ,
ಇದು ನಿಂಬೆಸಿಪ್ಪೆ, ಸಾಕು, ಸೌದೆ ನಿಲ್ಸಿ.

"ಬೆಂಕಿ ಎಲ್ಲಮ್ಮಾ?"
ಮ್ಯಾಗ್ನೆಟ್ರಾನು ತೋರಿಸಿದೆ. ನೀರು ಹರಿಸಿ ತಂಪಿಟ್ಟ ತಾಮ್ರ.
ಮುಟ್ಟಿ ನೋಡಿದ. "ತಣ್ಣಗೈತಲ್ಲ."
ಉರಿಯಲ್ಲ ತಾತ, ಅಲೆ.
"ಅಲೆ ಕೆರೆಯಾಗಿರೋದು."

ಹೇಳಿದೆ: ನೂಲಿನ ಸಂದುಗಳಿಗೆ ಅನಿಲ ನುಗ್ಗಬೇಕು,
ಅಲ್ಲಿ ಕಲ್ಲಾಗಿ ಕೂರಬೇಕು.
ಹೊರಗಿಂದ ಕಾಯಿಸಿದರೆ ಹೊರಗೇ ಕಲ್ಲು,
ಸಂದಿನ ಬಾಯಿ ಮುಚ್ಚಿ ಒಳಗೆ ಪೊಳ್ಳು.
ಅದಕ್ಕೇ ಈ ಗೂಡು. ಇದರಲ್ಲಿ ಹೊಕ್ಕುಳು ಮೊದಲು ಕಾಯುತ್ತೆ.

"ಹೊರಗೆ ಬೆಂದು ಒಳಗೆ ಹಸಿ. ಗೊತ್ತು ಬಿಡು.
ಮೊದಲ ವರ್ಷ ಅಂಥವೇ ಐನೂರು ಸುಟ್ಟೆ.
ನಿನ್ನ ಮನೆಗೇ ಹೊದಿಸ್ಕೋ ಅಂದ ಮೇಸ್ತ್ರಿ.
ಹೊದಿಸ್ದೆ. ಇನ್ನೂ ಸೋರ್ತದೆ."

ಹನ್ನೊಂದನೆಯ ಸಲ
ಬಿಲ್ಲೆಯ ಒಂದೇ ಮೂಲೆ ಅಲೆ ಕುಡಿಯತೊಡಗಿತು.
ಕುಡಿದಷ್ಟೂ ಕಾದು, ಕಾದಷ್ಟೂ ಕುಡಿದು,
ಮುಜೀಬ್ ಸ್ವಿಚ್ಚಿಗೆ ಹಾರುವಷ್ಟರಲ್ಲಿ
ಕೊಳವೆ ಮೇಣದಂತೆ ಬಾಗಿತ್ತು.
ಬೇರೆಲ್ಲೋ ನೋಡುತ್ತಿದ್ದ ತಾಪಮಾಪಕ ಮಾತ್ರ
ಒಂಬೈನೂರು ಎಂದು ಪ್ರಾಮಾಣಿಕವಾಗಿ ತೋರಿಸುತ್ತಿತ್ತು.

ಅಂಗಡಿಯಿಂದ ಹಪ್ಪಳ ತರಿಸಿದೆ.
ಒದ್ದೆ ಮಾಡಿ, ಖಾಲಿ ಪೆಟ್ಟಿಗೆಯಲ್ಲಿ ಹಾಸಿ, ಹತ್ತು ಸೆಕೆಂಡು.
ಇಲ್ಲಿ ಗುಳ್ಳೆ, ಇಲ್ಲಿ ಹಸಿ, ಮತ್ತೆ ಗುಳ್ಳೆ:
ಆರಾರು ಸೆಂಟಿಮೀಟರಿಗೊಂದು.
ನಿಂತ ಅಲೆ ತಾನು ನಿಂತ ಜಾಗವನ್ನು
ಉದ್ದಿನ ಹಿಟ್ಟಿನ ಮೇಲೆ ಬರೆದುಕೊಟ್ಟಿತು.

ಪಿಳ್ಳಪ್ಪ ಗುಳ್ಳೆ ಬಂದದ್ದನ್ನು ಮುರಿದು ತಿಂದ.
"ಉರಿ ತಿರುಗ್ದಿದ್ರೆ ಹೆಂಚು ತಿರುಗಿಸ್ಬೇಕು."

ನನ್ನ ಡ್ರಾಯಿಂಗಿನಲ್ಲಿತ್ತು ಅದು,
ಕಾಸಿಲ್ಲವೆಂದು ಹೊಡೆದುಹಾಕಿದ್ದೆ. ಅವನಿಗೆ ಹೇಳಲಿಲ್ಲ.
ಮುಜೀಬ್ ಗುಜರಿಯಿಂದ ಟೆಂಪೊ ವೈಪರಿನ ಮೋಟಾರು ತಂದ,
ಅಲೆ ಸೋರದಂತೆ ಅದರ ಕಡ್ಡಿಗೊಂದು
ಉದ್ದ ಕುತ್ತಿಗೆಯ ಕೊಳವೆ ಬೆಸೆದ.

ಇಪ್ಪತ್ತೇಳನೆಯ ಸಲ, ರಾತ್ರಿ ಎರಡು ಗಂಟೆ.
ಜಾಲರಿಯ ಕಿಂಡಿಯಾಚೆ ನಿಧಾನ ತಿರುಗುವ ಬಿಲ್ಲೆ,
ನಡುವೆ ದಾಳಿಂಬೆ, ಸುತ್ತ ಕತ್ತಲೆ.
ಕಣ್ಣಿಟ್ಟವನು ಬಹಳ ಹೊತ್ತು ತೆಗೆಯಲಿಲ್ಲ.
"ತಿರುಗಾಮುರುಗಾ," ಅಂದ.

ಬೆಳಿಗ್ಗೆ ತಣಿದ ಮೇಲೆ ಕಿವಿಗೆ ಹಿಡಿದು
ಬೆರಳಗಿಣ್ಣಿನಿಂದ ತಟ್ಟಿದ.
ನಡುವೆ, ಕಣ್.
ಅಂಚಿಗೆ ಬಂದಾಗ ಸದ್ದೇ ಇಲ್ಲ.
ನನ್ನತ್ತ ಚಾಚಿದ:
"ಒಳಗೆ ಬೆಂದೈತೆ. ಹೊರಗೆ ಹಸಿ."

ಪುಸ್ತಕದಲ್ಲಿ ಹಾಗೇ ಬರೆದೆ.