ಆರೂ ನಲವತ್ತರ ಹಡಗಿನಲ್ಲಿ ಒಂದೇ ಜಾಗ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ.
ರೊಹುಕುಲ ಬಂದರಿನಿಂದ ಹಿಯುಮಾ ದ್ವೀಪಕ್ಕೆ
ಬೆಳಗಿನ ಆರೂ ನಲವತ್ತಕ್ಕೆ ಹೊರಡುವ ಹಡಗಿನಲ್ಲಿ
ಕಾರು ನಿಲ್ಲಿಸಲು ಉಳಿದದ್ದು ಒಂದೇ ಜಾಗ;
ಟಿಕೆಟ್ಟು ಹೋದದ್ದು ಇಬ್ಬರಿಗೆ.

ಪಿಯಾನೋಗಳಿಗೆ ಶ್ರುತಿ ಕೂಡಿಸುವ ಇಲ್ಲಿಮಾರ್
ಹಾಪ್ಸಲುವಿನ ತನ್ನ ಅಡುಗೆಮನೆಯಲ್ಲಿ ಕೂತು ಕೇಳಿದ: ಜಾಗ ಇದೆಯೇ?
ಇದೆ, ಒಂದು, ಅಂದಿತು ಕೋಷ್ಟಕ.
ಅದೇ ಕ್ಷಣದ ಇನ್ನೊಂದು ಚೂರಿನಲ್ಲಿ
ಟಾಲಿನ್ನಿನಿಂದ ಓಯ್ಯೆ ಕೇಳಿದಳು. ಅವಳಿಗೂ ಅಂದಿತು: ಇದೆ, ಒಂದು.
ಸುಳ್ಳಲ್ಲ. ಇಬ್ಬರಿಗೂ ಹೇಳಿದ್ದು ನಿಜವೇ.
ಓದುವುದಕ್ಕೂ ಬರೆಯುವುದಕ್ಕೂ ನಡುವೆ
ಮೂರು ಮಿಲಿಸೆಕೆಂಡಿನ ಸಂದು ಬಿಟ್ಟವಳು ನಾನು.
ಒಂದರಲ್ಲಿ ಒಂದು ಕಳೆದು ಅವನು ಸೊನ್ನೆ ಬರೆದ,
ಒಂದರಲ್ಲಿ ಒಂದು ಕಳೆದು ಅವಳೂ ಸೊನ್ನೆ ಬರೆದಳು;
ಸೊನ್ನೆಯ ಮೇಲೆ ಸೊನ್ನೆ ಕೂತರೆ ಯಾರಿಗೆ ಕಂಡೀತು?
ಲೆಕ್ಕ ಚೊಕ್ಕವಾಗಿತ್ತು.

ಕತ್ತಲು. ಉಪ್ಪು ಎರಚಿದ ಕಟ್ಟೆ. ಎರಡು ಕಾರು,
ಎರಡು ಫೋನು, ಎರಡರಲ್ಲೂ ಹಸಿರು ಗುರುತು.
ಓಯ್ಯೆಯ ಹಿಂದಿನ ಸೀಟಿನಲ್ಲಿ ಮೂರಂತಸ್ತಿನ ಮದುವೆ ಕೇಕು,
ಬೆಲ್ಟು ಹಾಕಿ ಕೂರಿಸಿದ್ದು.
ಬಂದರಿನ ವಾಂಬೊಲ ಇಬ್ಬರನ್ನೂ ನೋಡಿದ, ಸಿಗರೇಟು ಹೊಸಕಿದ,
ಕೇಕನ್ನು ಎತ್ತಿ ಇಲ್ಲಿಮಾರನ ಕಾರಿನೊಳಗಿಟ್ಟ,
ಪಕ್ಕದಲ್ಲಿ ಅವಳನ್ನು ಕೂರಿಸಿದ.
ಆಮೇಲೆ ನನಗೆ ಫೋನು ಮಾಡಿದ:
"ವಿರ್ವೆ, ಇಷ್ಟನ್ನು ನಿನ್ನ ಯಂತ್ರ ಮಾಡುತ್ತದೆಯೇ?"

ಮಾಡುವುದಿಲ್ಲ. ಅದಕ್ಕೆ ಮುಖ ಕಾಣದು, ಕೇಕು ಕಾಣದು.
ಅದಕ್ಕೆ ಗೊತ್ತಿರುವುದು ಬೀಗ.

ಆ ರಾತ್ರಿ ಬೀಗ ಹಾಕಿದೆ. ಸಾಲನ್ನು ಓದುವಾಗಲೇ ಹಿಡಿದುಕೋ,
ಬರೆದು ಮುಗಿಯುವ ತನಕ ಬಿಡಬೇಡ;
ಹಿಂದೆ ಬಂದವರು ಹೊಸ್ತಿಲಲ್ಲಿ ನಿಲ್ಲಲಿ,
ಸರದಿ ಬಂದಾಗ ಹೊಸದಾಗಿ ಎಣಿಸಲಿ.
ಚೆನ್ನಾಗಿ ನಿದ್ದೆ ಬಂತು.

ಮೂರನೇ ದಿನ ಎಲ್ಲವೂ ನಿಂತುಹೋಯಿತು.
ನೋಡಿದರೆ, ಯಾರೋ ಒಬ್ಬ ಜಾಗ ಹಿಡಿದುಕೊಂಡು
ಬ್ಯಾಂಕಿನ ಉತ್ತರಕ್ಕೆ ಕಾಯುತ್ತಿದ್ದಾನೆ,
ಬ್ಯಾಂಕು ಆಕಳಿಸುತ್ತಿದೆ,
ಅವನ ಬೆನ್ನ ಹಿಂದೆ ನೂರಾ ಎಪ್ಪತ್ತು ಜನ.
ಬೀಗದ ಕೈ ಜೇಬಲ್ಲಿಟ್ಟುಕೊಂಡು ಊರು ಸುತ್ತಬಾರದು.
ದುಡ್ಡಿನ ಮಾತೆಲ್ಲ ಹೊರಗೆ ಜಗಲಿಯಲ್ಲೇ ಮುಗಿಯಲಿ;
ಒಳಗೆ ಬಂದವರು ಎರಡು ಗೆರೆ ಬರೆದು ಹೊರಡಬೇಕು.
ಅದನ್ನೂ ತಿದ್ದಿದೆ.

ಆಮೇಲೆ ಬಂದದ್ದು ತುಂಬ ಸಭ್ಯವಾದ ಪೀಡೆ.
ಒಬ್ಬಳು ಹೋಗುವ ಹಡಗನ್ನು ಹಿಡಿದು ಬರುವ ಹಡಗಿಗೆ ಕಾದಳು,
ಒಬ್ಬ ಬರುವುದನ್ನು ಹಿಡಿದು ಹೋಗುವುದಕ್ಕೆ.
ನೀ ಬಿಡು, ನಾ ಬಿಡುತ್ತೇನೆ. ಊಹೂಂ, ನೀ ಮೊದಲು.
ಇಬ್ಬರದೂ ನ್ಯಾಯ. ಇಬ್ಬರೂ ಕದಲರು.
(ನಾನೂ ತರ್ಮೊನೂ ಹೀಗೇ ಒಂದಿಡೀ ಚಳಿಗಾಲ ಕೂತಿದ್ದೆವು.)
ಡೇಟಾಬೇಸು ಒಂದು ಸೆಕೆಂಡು ನೋಡಿತು,
ಒಬ್ಬರನ್ನು ಆರಿಸಿ ಕೊಂದಿತು, ಕಾರಣ ಹೇಳಲಿಲ್ಲ.
ನಮ್ಮಿಬ್ಬರನ್ನು ನೋಡಲು ಅಂಥದ್ದೂ ಇರಲಿಲ್ಲ.
ಮದ್ದು ಸಣ್ಣದು: ಯಾರೇ ಬರಲಿ, ಎತ್ತ ಹೊರಟಿರಲಿ,
ಮೊದಲು ಚಿಕ್ಕ ಸಂಖ್ಯೆಯ ಹಡಗಿಗೆ ಕೈ ಹಾಕಬೇಕು.
ಅಷ್ಟು ಬರೆಯಲು ಒಂಬತ್ತು ದಿನ ಹಿಡಿಯಿತು.

ಫೆಬ್ರವರಿಯಲ್ಲಿ ಕಡಲು ಗಟ್ಟಿಯಾಯಿತು.
ನೀರಿದ್ದಲ್ಲಿ ರಸ್ತೆ ತೆರೆದರು, ಇಪ್ಪತ್ತಾರು ಕಿಲೋಮೀಟರು ಬರೀ ಹಿಮಗಡ್ಡೆ.
ಗೇಟಿನವನು ಒಂದು ಕಾರು ಬಿಟ್ಟು
ಅದು ಇನ್ನೂರೈವತ್ತು ಮೀಟರು ದಾಟುವ ತನಕ
ನನ್ನನ್ನು ತಡೆದು ನಿಲ್ಲಿಸಿದ. ನಾನು ನಕ್ಕೆ, ಅವನು ನಗಲಿಲ್ಲ.
ಕಿಟಕಿ ತಟ್ಟಿದ: ಬೆಲ್ಟು ಬಿಚ್ಚು.
ಈ ದಾರಿಯಲ್ಲಿ ಬೆಲ್ಟು ಹಾಕುವಂತಿಲ್ಲ.
ಕೆಳಗೆ ಬಿರುಕು ಬಿಟ್ಟರೆ
ಕಾರು, ಚೀಲ, ಅರ್ಧ ದಾರಿ, ಎಲ್ಲವನ್ನೂ ಅಲ್ಲೇ ಬಿಟ್ಟು
ಹೊರಟೇ ಇರಲಿಲ್ಲವೆಂಬಂತೆ ಎದ್ದು ಬರಲು ಆಗಬೇಕು.
ನಮ್ಮಲ್ಲಿ ಇದನ್ನು ರೋಲ್‌ಬ್ಯಾಕ್ ಅನ್ನುತ್ತೇವೆ, ಅಂದೆ.
ಗಾಳಿಗೆ ಅವನಿಗೆ ಕೇಳಿಸಲಿಲ್ಲ.

ನಡುವೆ, ಎರಡು ದಡವೂ ಕಾಣದ ಕಡೆ,
ಹಿಮಗಡ್ಡೆ ಒಮ್ಮೆ ಗೊಣಗಿತು.
ಕೈ ತಾನಾಗಿ ಬಾಗಿಲ ಹಿಡಿಕೆಗೆ ಹೋಯಿತು.
ಕನ್ನಡಿಯಲ್ಲಿ ಹಿಂದಿನವರ ದೀಪ,
ಎಷ್ಟು ಬೇಕೋ ಅಷ್ಟೇ ದೂರ.