ಎಡಕ್ಕ ಬಂದು

ಕಪನೂರಿನ ದಾಲ್ ಮಿಲ್ಲಿನಾಗ
ಮುಕಾದಮ ಅಂತ ನನ್ನ ಹೆಸರು ಬರದು ಇದು ಏಳನೇ ತಿಂಗಳು.
ರೇವಪ್ಪ ಕಾಕಾ ಬಿಟ್ಟುಹೋಗೂ ದಿನ ಒಂದು ಮಾತೂ ಹೇಳಲಿಲ್ಲ,
ಬೀಗದ ಗೊಂಚಲ ಕೈಯಾಗಿಟ್ಟು ಚಪ್ಪಲಿ ಮೆಟ್ಟಿದ.
ಹದಿನೆಂಟು ವರ್ಷ ಆತನ ಒದರಾಟಕ್ಕ
ಗ್ವಾಡಿಗಳೂ ಹೂಂ ಅಂತಿದ್ದವು.

ನಾ ಒದರೂದಿಲ್ಲ ಅಂತ ಆಣಿ ಮಾಡಿದ್ದೆ.
ಎಲ್ಲರಿಗೂ ಒಂದೇ ದನಿ, ಎಲ್ಲರಿಗೂ 'ರೀ'.
ಮೊದಲ ವಾರಕ್ಕೇ ನಲವತ್ತು ಚೀಲ ನುಚ್ಚಾಯ್ತು.

ಥಪ್ಪಿ ಹೆಂಗ ಹಚ್ಚಬೇಕಂತ ಧೂಳಪ್ಪಗ ಕಲಸ್ಲಾಕ ಹೋಗಿದ್ದೆ,
ನಾ ಹುಟ್ಟೂಕಿಂತ ಮೊದಲೇ ಗಂಜಿನಾಗ ಚೀಲಕ್ಕ ಬೆನ್ನು ಕೊಟ್ಟಾಂವಗ.
ಆತ ನಕ್ಕ. ನಾ ಹೇಳಿದಂಗೇ ಹಚ್ಚಿದ, ಒಂದು ಬೆರಳೂ ಆಚೀಚೆ ಇಲ್ಲ.
ಸಂಜಿಗೆ ಥಪ್ಪಿ ತಾನೇ ಕುಸೀತು.
"ನೀವು ಹೇಳಿದ್ದೇ ಮಾಡೀನ್ರಿ ಅಕ್ಕಾ."
ಈಗ 'ಲಾರಿ ಬಂದದ' ಅಂತೀನಿ, ಅಷ್ಟ.
ಬೆನ್ನು ತಿರುಗಿಸೂದೂ ಒಂದು ಕೆಲಸ,
ಕಲೀಲಾಕ ನನಗ ಎರಡು ತಿಂಗಳು ಬೇಕಾಯ್ತು.

ಅದೇ ಬೆನ್ನು ಅಂಬರೀಷನ ಕಡಿ ತಿರುಗಿಸಿದರ
ಹುಡುಗ ಎಣ್ಣಿ ಡಬ್ಬಿ ಹಿಡಕೊಂಡು ನಿಂತಲ್ಲೇ ನಿಂತಿರತಾನ,
ಕ್ವಿಂಟಲಿಗೆ ಎಷ್ಟು, ಈಗೋ, ಇನ್ನಾ ಸ್ವಲ್ಪ ತಡದೋ.
ಬಗಲಿಗೆ ನಿಂತು ಎಣಸ್ತೀನಿ, ಮಗ್ಗಿ ಹೇಳಿಕೊಟ್ಟಂಗ.
ಮೊನ್ನೆ ನಾ ಎಣಸೂದು ಮರತೆ. ಆತ ಮರೀಲಿಲ್ಲ.
(ಇದನ್ನ ಇನ್ನೂ ಆತಗ ಹೇಳಿಲ್ಲ.)

ಎಲ್ಲರ ಮುಂದ ಶಾಭಾಸ್ ಅಂದದ್ದಕ್ಕ ಲಾಲಬಿ
ಮೂರು ದಿನ ನನ್ನ ಕೂಡ ಮಾತು ಬಿಟ್ಟಿದ್ದಳು.
ಈಗ ಒಂದು ಹಿಡಿ ತೊಗರಿ ಒಯ್ದು ಮುಂದ ಹಿಡೀತೀನಿ:
"ಚಿತ್ತಾಪುರದ್ದೋ ಆಳಂದದ್ದೋ, ನೋಡ್ರಿ ಆಪಾ."
ನನಗ ಗೊತ್ತಿರತದ. ನನಗ ಗೊತ್ತಂತ ಆಕಿಗೂ ಗೊತ್ತು.
ಆದರೂ ಕನ್ನಡಕ ಏರಿಸಿ, ಒಂದು ಕಾಳು ಕಡದು, ಹೇಳತಾಳ.
ಆ ದಿನ ಆಕಿ ಮೊರ ದಾಟಿ ಒಂದು ಹಳ್ಳೂ ಹೋಗೂದಿಲ್ಲ.

ಪುಣೆಯಿಂದ ಬಂದ ಸೇಠರ ಮಗ ಗ್ವಾಡಿಗೆ ಒಂದು ತಖ್ತೆ ಹಚ್ಚಿದ:
ನಾಕು ಖಾನೆ, ನಾಕು ಬಣ್ಣ, ಯಾರನ್ನ ಯಾವುದರಾಗ ಹಾಕಬೇಕಂತ.
"ಜನಾ ತೊಗರಿ ಇದ್ದಂಗ, ಕೆಲವಕ್ಕ ಎಣ್ಣಿ, ಕೆಲವಕ್ಕ ಬಿಸಲು."
ಮಾತು ಚಂದಿತ್ತು, ಬರಕೊಂಡೆ.
ಆದರ ತೊಗರಿ ಮನ್ಯಾಗ ಜಗಳಾಡಿ ಕೆಲಸಕ್ಕ ಬರೂದಿಲ್ಲ.
ತೊಗರಿಗೆ ಮಗಳ ಮದವಿ ಇರೂದಿಲ್ಲ.

ಮೌಲಾಲಿಯನ್ನ ಯಾವ ಖಾನೆಗೂ ಹಾಕಲಾರದೆ ಬಿಟ್ಟಿದ್ದೆ.
ಒಡಿಯೂ ಮಶೀನಿನ ಬಾಜೂ ಹನ್ನೊಂದು ವರ್ಷದಿಂದ ಕುಂತಾಂವ.
ರೇವಪ್ಪನಂಗ ಒದರಿ ನೋಡಿದೆ (ಹೌದು, ಆಣಿ ಮುರದೆ),
ಮೆಲ್ಲಗ ಹೇಳಿ ನೋಡಿದೆ, ಅರ್ಧ ದಿನದ ಪಗಾರ ಕಡದೆ,
ಈದಿಗೆ ಮನಿಗೆ ಹೋಗಿ ಶೀರಖುರ್ಮಾ ಕುಡದು ಬಂದೆ.
ಯಾವುದಕ್ಕೂ ಅದೇ ಸಣ್ಣ ನಗಿ.

ಒಂದು ಮಧ್ಯಾಹ್ನ ಕರೆಂಟ್ ಹೋಯ್ತು.
ಮಿಲ್ಲಿನಾಗ ಗುಬ್ಬಿ ಸಪ್ಪಳ ಕೇಳಿಸಿತು, ಅಷ್ಟು ಸುಮ್ಮ.
ಆತನ ಬಲಕ್ಕ ನಿಂತು ಹೆಸರು ಹಿಡದು ಕರದೆ: ತಿರುಗಲಿಲ್ಲ.
ಎಡಕ್ಕ ಬಂದು ಕರದೆ.
"ಜೀ," ಅಂತ ಎದ್ದು ನಿಂತ.

ಇಷ್ಟು ದಿನ ಸತ್ತ ಕಿವಿಗೆ
ದನಿ ಬದಲಿಸಿ ಬದಲಿಸಿ ಮಾತಾಡಿದ್ದೆ.
ಕಡದ ಪಗಾರ ತಿರುಗಿ ಕೊಟ್ಟೆ. ಎಣಿಸಿ ತಗೊಂಡ.
ಕಿವಿ ಯಾವಾಗ ಹೋಯ್ತಂತ ಕೇಳಿದರ
"ನಿಮಗಿಂತ ಮೊದಲು," ಅಂದ, ಅಷ್ಟೇ.

ತಖ್ತೆ ಇನ್ನೂ ಅಲ್ಲೇ ಅದ, ಮ್ಯಾಲ ಬ್ಯಾಳಿ ಧೂಳು.
ರಾತ್ರಿ ಬೀಗ ಹಾಕೂಮುಂದ
ನನ್ನನ್ನೂ ಒಂದು ಖಾನೆಗೆ ಹಾಕಿ ನೋಡತೀನಿ.
ಒಂದು ಮಾತೂ ಹೇಳದೆ ಗೊಂಚಲ ಕೊಟ್ಟು ಹೋದ ಕಾಕಾ;
ಹೇಳಿದ್ದರ ನಾ ಕೇಳತಿದ್ದಿಲ್ಲ ಅಂತ
ಹದಿನೆಂಟು ವರ್ಷ ಒದರಿದಾಂವಗ ಹೆಂಗ ಗೊತ್ತಿತ್ತು?